ಕಂಡಕ್ಟರ್ ಗದರಿಸಿ ಎಬ್ಬಿಸಿದ್ದು ಸೌಜನ್ಯವೇ?

2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ ಗಂಡಸರು ಬಸ್ಸಿನಲ್ಲಿ ಹೆಂಗಸರಿಗೆ ಸೀಟು ಬಿಟ್ಟುಕೊಡುವ ಸೌಜನ್ಯವನ್ನೇ ಮರೆತಿದ್ದಾರೆ ಎಂದು ಲೇಖನವೊಂದರಲ್ಲಿ ಓದಿದೆ; ಲೇಖಕರ ಆ ಮಾತನ್ನು ನಾನು ಒಪ್ಪಲಾರೆ. ‘ಮಹಿಳೆಯರಿಗೆ’ ಎಂದು ಬರೆದ ಸೀಟಿನಿಂದ, ಕಂಡಕ್ಟರ್ ಎರಡು ಬಾರಿ ಗದರಿಸಿದ ಮೇಲೆ ಗೊಣಗುತ್ತಾ ಏಳುವವರನ್ನು ನಾನು ಯೋಜನೆಗೆ ಎಷ್ಟೋ ವರ್ಷ ಮೊದಲಿನಿಂದಲೂ ನೋಡುತ್ತಾ ಬಂದಿದ್ದೇನೆ. ಅದು ನಿಯಮಪಾಲನೆ, ಅದೂ ಅರೆಮನಸ್ಸಿನದು. ಈಗ ಹೊಸದಾಗಿ ಬಂದಿರುವುದು, ಕಂಕುಳಲ್ಲಿ ಮಗುವನ್ನೆತ್ತಿಕೊಂಡು ನಿಂತ ತಾಯಿಗೂ ಕೇಳಿಸುವಂತೆ ‘ಫ್ರೀ ಟಿಕೆಟ್‌ನವರಿಗೆ ಸೀಟು ಬೇರೆ ಬೇಕೇ’ ಎನ್ನುವ ಧೈರ್ಯ. ಸೌಜನ್ಯವೆಂದರೆ ಗಂಡು ಹೆಣ್ಣಿಗೆ ತೋರುವ ಉಪಕಾರ ಮಾತ್ರ ಎಂಬ ಲೇಖನದ ಧಾಟಿಯೂ ನನಗೆ ಸರಿಕಾಣಲಿಲ್ಲ. ಕಳೆದ ವಾರ ಹಾಸನದ ಬಸ್ಸಿನಲ್ಲಿ ಕೋಲೂರಿ ನಿಂತಿದ್ದ ಅಜ್ಜನೊಬ್ಬರಿಗೆ ಎದ್ದು ಜಾಗ ಕೊಟ್ಟವಳು ಕಾಲೇಜು ಹುಡುಗಿ. ಪಕ್ಕದಲ್ಲೇ ಕುಳಿತಿದ್ದ ಇಬ್ಬರು ಯುವಕರು ಮೊಬೈಲಿನಿಂದ ತಲೆಯೆತ್ತಲಿಲ್ಲ.