ಅವನ ಪಾದ ನೋಡು

ರಸ್ತೆ ಬದಿಯಲ್ಲಿ ನೂರು ರೂಪಾಯಿಗೆ ಕೊಂಡ ಡಿವಿಡಿ ಅದು. ಒಂದೇ ತಟ್ಟೆಯಲ್ಲಿ ನಾಲ್ಕು ಸಿನಿಮಾ. ಕವರಿನ ಮೇಲೆ ಟೋಪಿ, ಕುದುರೆ, ಪಿಸ್ತೂಲು. ಜೊತೆಗೆ ಆ ನಾಲ್ಕರಲ್ಲಿ ಯಾವುದರಲ್ಲೂ ಇಲ್ಲದ ಒಬ್ಬ ನಟನ ಮುಖ. ಮೂರು ಸಿನಿಮಾ ಈಗ ಮರೆತೇ ಹೋಗಿವೆ. ನಾಲ್ಕನೆಯದು ಮಾತ್ರ ಇನ್ನೂ ಬಿಟ್ಟಿಲ್ಲ. ‘ಅಂಡ್ ಗಾಡ್ ಸೆಡ್ ಟು ಕೇನ್’ ಅಂತ ಅದರ ಹೆಸರು. 1970ರ ಇಟಲಿ ಸಿನಿಮಾ. ಕಥೆ ನಡೆಯುವುದು ಅಮೆರಿಕದಲ್ಲಿ, ತೆಗೆದವರು ಇಟಲಿಯವರು, ನಾಯಕ ಜರ್ಮನಿಯ ಕ್ಲಾಸ್ ಕಿನ್ಸ್ಕಿ. ನೋಡಿದವರು ನಾನು ಮತ್ತು ನಮ್ಮಮ್ಮ.

ಅಮ್ಮ ನೋಡಲು ಬಂದವರಲ್ಲ. ಅವರೆಕಾಯಿ ಕಾಲ. ನೆನೆಸಿದ ಕಾಳಿನ ಪಾತ್ರೆ ತಂದು ಟೀವಿ ಮುಂದೆ ಕೂತು ಹಿತುಕುತ್ತಿದ್ದರು. ಅವರ ಮೊದಲ ವಿಮರ್ಶೆ ಹೀಗಿತ್ತು: ‘ಟೀವಿ ಕೆಟ್ಟಿದ್ಯೇನೋ?’

‘ಇಲ್ಲಮ್ಮ, ರಾತ್ರಿ ಸೀನು.’

‘ರಾತ್ರಿ ಅಂದ್ರೆ ಇಷ್ಟು ಕತ್ತಲಾ? ಅವರ ಮನೇಲಿ ಒಂದು ಲಾಟೀನೂ ಇಲ್ವಾ?’

ನಿಜ, ಆ ಸಿನಿಮಾದ ಬಹುಪಾಲು ನಡೆಯುವುದು ಒಂದೇ ರಾತ್ರಿಯಲ್ಲಿ. ಕಿನ್ಸ್ಕಿಯ ಪಾತ್ರ ಗ್ಯಾರಿ ಹ್ಯಾಮಿಲ್ಟನ್ ಮಾಡದ ತಪ್ಪಿಗೆ ಹತ್ತು ವರ್ಷ ಬಿಸಿಲಲ್ಲಿ ಕಲ್ಲು ಒಡೆದಿದ್ದಾನೆ. ಮೋಸ ಮಾಡಿದವನು ಅಕೊಂಬಾರ್. ಇವನ ಹೆಂಗಸೂ ಈಗ ಅವನ ಮನೆಯಲ್ಲಿದ್ದಾಳೆ. ಕ್ಷಮಾದಾನ ಸಿಕ್ಕಿ ಬಿಡುಗಡೆಯಾದ ಹ್ಯಾಮಿಲ್ಟನ್ ಕುದುರೆ ಗಾಡಿ ಹತ್ತುತ್ತಾನೆ. ಅದೇ ಗಾಡಿಯಲ್ಲಿ ಅಕೊಂಬಾರನ ಮಗ. ಅವನ ಕೈಯಲ್ಲೇ ಅಪ್ಪನಿಗೆ ಹೇಳಿ ಕಳಿಸುತ್ತಾನೆ, ಇವತ್ತು ರಾತ್ರಿ ಬರ್ತೀನಿ ಅಂತ. ಅಷ್ಟೇ ಕಥೆ. ಉಳಿದದ್ದೆಲ್ಲ ಬರುವುದು.

ನಮ್ಮಲ್ಲಿ ಹಾವಿನ ದ್ವೇಷ ಹನ್ನೆರಡು ವರುಷ. ಹ್ಯಾಮಿಲ್ಟನ್‌ನದು ಹತ್ತೇ. ಎರಡು ವರ್ಷ ಕಡಿಮೆಯಾದರೂ ವಿಷದಲ್ಲಿ ಕಡಿಮೆ ಇಲ್ಲ. ಅಕೊಂಬಾರ್ ಊರು ತುಂಬ ಬಂದೂಕಿನವರನ್ನು ನಿಲ್ಲಿಸುತ್ತಾನೆ. ದಂಡ. ಬಾಗಿಲ ಮೇಲೆ ಇದ್ದಿಲಲ್ಲಿ ‘ನಾಳೆ ಬಾ’ ಅಂತ ಬರೆದಿದ್ದರೆ ಸಾಕಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಮನೆಮನೆಯ ಬಾಗಿಲ ಮೇಲೂ ಅದಿತ್ತು. ದೆವ್ವ ಬಂದು, ಓದಿ, ಸರಿ ನಾಳೆ ಬರೋಣ ಅಂತ ವಾಪಸ್ ಹೋಗುತ್ತಿತ್ತಂತೆ. ಮರುದಿನ ಬಂದರೂ ಅದೇ ಬರಹ. ಓದು ಬರುವ ದೆವ್ವವನ್ನು ಏಮಾರಿಸುವುದು ಇಷ್ಟು ಸುಲಭ.

ದೆವ್ವದ ಮಾತು ಸುಮ್ನೆ ಎತ್ತಿದ್ದಲ್ಲ. ಇದು ಕೌಬಾಯ್ ವೇಷ ಹಾಕಿದ ದೆವ್ವದ ಸಿನಿಮಾ. ನಿರ್ದೇಶಕ ಆಂಟೋನಿಯೊ ಮಾರ್ಗೆರಿಟಿ. ಪರದೆಯ ಮೇಲೆ ಮಾತ್ರ ಆಂಥನಿ ಎಂ. ಡಾಸನ್. ಆಗ ಇಟಲಿಯಲ್ಲಿ ಇದು ಮಾಮೂಲು. ಇಟಲಿಯ ಕೌಬಾಯ್ ಸಿನಿಮಾಗಳಿಗೇ ಹೆಸರಾದ ನಿರ್ದೇಶಕ ಸರ್ಜಿಯೊ ಲಿಯೋನಿಯೇ 1964ರಲ್ಲಿ ಬಾಬ್ ರಾಬರ್ಟ್‌ಸನ್ ಅಂತ ಹಾಕಿಕೊಂಡಿದ್ದ. ಹೆಸರು ಅಮೆರಿಕದ್ದಾದರೆ ಟಿಕೆಟ್ ಜಾಸ್ತಿ ಹೋಗುತ್ತದೆ ಎಂಬ ಲೆಕ್ಕ. ಮಾರ್ಗೆರಿಟಿ ಇದಕ್ಕೂ ಮೊದಲು ಹಾಳು ಕೋಟೆ, ಮೇಣದಬತ್ತಿ, ಸತ್ತು ಎದ್ದು ಬರುವ ಹೆಂಗಸರು ಇರುವ ಕಪ್ಪು ಬಿಳುಪು ಭಯದ ಸಿನಿಮಾಗಳನ್ನು ತೆಗೆದಿದ್ದ. ಅದನ್ನೆಲ್ಲ ಇಲ್ಲಿಗೂ ತಂದ. ಸುಂಟರಗಾಳಿ, ಬಡಿದುಕೊಳ್ಳುವ ಕಿಟಕಿ, ಊರಿನ ಕೆಳಗೆ ಸುರಂಗ, ತಾನಾಗಿ ಹೊಡೆದುಕೊಳ್ಳುವಂತೆ ಕೇಳುವ ಚರ್ಚಿನ ಗಂಟೆ. ಹ್ಯಾಮಿಲ್ಟನ್ ಇಲ್ಲಿ ಮುಳುಗಿ ಅಲ್ಲಿ ಏಳುತ್ತಾನೆ. ಅವನು ಸತ್ತಿದ್ದಾನೆ ಅಂತ ಸಿನಿಮಾ ಎಲ್ಲೂ ಹೇಳುವುದಿಲ್ಲ. ಬದುಕಿದವರ ಹಾಗೆ ಅವನು ನಡೆದುಕೊಳ್ಳುವುದೂ ಇಲ್ಲ.

ಇಂಥ ಪ್ರೇತದಂಥ ನಾಯಕರು ಆಗ ಇನ್ನೂ ಇದ್ದರು. ಒಂದು ವರ್ಷ ಮೊದಲು ಬಂದ ‘ಜಾಂಗೊ ದಿ ಬಾಸ್ಟರ್ಡ್’ನಲ್ಲಿ ನಾಯಕ ತಾನು ಕೊಲ್ಲಲಿರುವವನ ಮುಂದೆ ಒಂದು ಶಿಲುಬೆ ನೆಡುತ್ತಾನೆ. ಅದರ ಮೇಲೆ ಅವನದೇ ಹೆಸರು, ಅವತ್ತಿನದೇ ತಾರೀಖು. ತನ್ನ ತಿಥಿಯ ಕಾರ್ಡನ್ನು ತಾನೇ ಓದುವ ಯೋಗ. ಆದರೆ ನನಗೆ ಕಿನ್ಸ್ಕಿಯೇ ಜಾಸ್ತಿ ಇಷ್ಟ. ಒಂಬತ್ತು ವರ್ಷದ ನಂತರ ಈ ಮುಖವೇ ಬೋಳು ತಲೆ, ಉದ್ದ ಹಲ್ಲು ಹಚ್ಚಿಕೊಂಡು ನೊಸ್ಫೆರಾಟು ಎಂಬ ರಕ್ತ ಹೀರುವ ಪಿಶಾಚಿ ಆಯಿತು. ಇಲ್ಲಿ ಹಲ್ಲೂ ಬೇಕಿಲ್ಲ. ಬರೀ ಕಣ್ಣು.

ಅಮ್ಮ ಮಾತ್ರ ಆ ವೇಳೆಗೆ ತನಿಖೆ ಶುರು ಮಾಡಿದ್ದರು.

‘ಇವನು ಮನುಷ್ಯ ಅಲ್ಲ ಕಣೋ. ಮಾತು ಬಾಯಿಂದ ಬರ್ತಾ ಇಲ್ಲ ನೋಡು.’

ನೋಡಿದೆ. ಹೌದು, ತುಟಿ ಒಂದು ಕಡೆ, ಮಾತು ಒಂದು ಕಡೆ. ಆಗಿನ ಇಟಲಿಯಲ್ಲಿ ಚಿತ್ರೀಕರಣ ಮೊದಲು, ಮಾತು ಆಮೇಲೆ. ಒಬ್ಬೊಬ್ಬ ನಟ ಒಂದೊಂದು ಭಾಷೆಯವನು. ಸ್ಟುಡಿಯೋದಲ್ಲಿ ಯಾರದೋ ಗಂಟಲು ತಂದು ಯಾರದೋ ಬಾಯಿಗೆ ಅಂಟಿಸುತ್ತಿದ್ದರು. ಇದನ್ನು ಅಮ್ಮನಿಗೆ ವಿವರಿಸಿದೆ. ‘ಅದೇ ಹೇಳಿದ್ದು, ಬೇರೆ ಯಾರೋ ಮೈ ಮೇಲೆ ಬಂದಿದ್ದಾರೆ’ ಅಂದರು.

‘ಗುಂಡು ಹೊಡೆದಿದ್ದು ಇವನು. ಅಲ್ಲಿ ಯಾರು ಬಿದ್ರು?’

ಬಿದ್ದವನು ಪರದೆಯಲ್ಲಿ ಇರಲಿಲ್ಲ. ಇದಕ್ಕೂ ಕಾರಣ ಇದೆ. ಈ ಸಿನಿಮಾಗಳ ಚಿತ್ರ ಬಹಳ ಅಗಲ. ಇಟಲಿಯವರು ಟೆಕ್ನಿಸ್ಕೋಪ್ ಅಂತ ಒಂದು ಉಪಾಯ ಬಳಸುತ್ತಿದ್ದರು. ಮಾಮೂಲಿ ಕ್ಯಾಮೆರಾದಲ್ಲಿ ಒಂದು ಚೌಕಕ್ಕೆ ರೀಲಿನ ಅಂಚಿನ ನಾಲ್ಕು ತೂತಿನಷ್ಟು ಜಾಗ ಬೇಕು. ಇದರಲ್ಲಿ ಎರಡೇ ಸಾಕು. ಅರ್ಧ ರೀಲಿನಲ್ಲಿ ಅಗಲ ಪರದೆ. ನಮ್ಮ ಅಜ್ಜಿ ಒಂದು ತೆಂಗಿನಕಾಯಿ ಹೋಳಿನಲ್ಲಿ ಎರಡು ದಿನದ ಚಟ್ನಿ ಮಾಡುತ್ತಿದ್ದಂತೆ. ಇಷ್ಟು ಜಾಣತನದಿಂದ ಅಗಲ ಮಾಡಿದ್ದನ್ನು ಟೀವಿಗೆ ತರುವಾಗ ಮತ್ತೆ ಕತ್ತರಿಸುತ್ತಿದ್ದರು. ಹಳೇ ಟೀವಿಯ ಡಬ್ಬಿ ಆಕಾರಕ್ಕೆ ಅಂಥ ಚಿತ್ರ ಹೊಂದಬೇಕಾದರೆ ಶೇ. 40ಕ್ಕೂ ಹೆಚ್ಚು ಭಾಗ ಹೊರಗೆ ಹೋಗಬೇಕು. ಕೊಂದವನು ಉಳಿದರೆ ಸತ್ತವನಿಲ್ಲ, ಸತ್ತವನು ಉಳಿದರೆ ಕೊಂದವನಿಲ್ಲ. ಕಾಣದ ಕೈಯೊಂದು ಊರವರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಿದೆ ಅಂತ ನನಗೂ ಅನಿಸತೊಡಗಿತು. ಆ ಕೈಯನ್ನು ಟೀವಿಗೆ ಕತ್ತರಿಸಿದವನು ಕಡಿದು ಎಸೆದಿದ್ದ, ಅಷ್ಟೇ.

ಇನ್ನು ಕತ್ತಲೆ. ಬಡ ನಿರ್ಮಾಪಕನಿಗೆ ಕತ್ತಲೆಯಷ್ಟು ಒಳ್ಳೆಯ ಸೆಟ್ ಬೇರೆ ಇಲ್ಲ. ಬೀದಿಯ ಆ ತುದಿಯಲ್ಲಿ ಮನೆ ಕಟ್ಟಬೇಕಾಗಿಲ್ಲ. (ಕತ್ತಲೆ ತೋರಿಸುವುದಕ್ಕೂ ಲೈಟು ಬೇಕು, ಅದು ಬೇರೆ ಮಾತು.) ಆದರೆ ವಿಡಿಯೋ ಕ್ಯಾಸೆಟ್ಟಿನ ಕತ್ತಲೆಯೇ ಬೇರೆ. ವಿಎಚ್‌ಎಸ್ ಎಂಬ ಆ ಕ್ಯಾಸೆಟ್ಟಿನಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಯಷ್ಟೇ ವಿವರ. ಅದರಿಂದ ಇಳಿಸಿದ ನಮ್ಮಂಥ ಡಿವಿಡಿ ಅಂದರೆ ಅಷ್ಟಕ್ಕಷ್ಟೆ. ಕಪ್ಪು ಕಪ್ಪಾಗಿ ಇರುವುದಿಲ್ಲ. ರಾಗಿ ಅಂಬಲಿಯ ಹಾಗೆ ಕದಡಿಕೊಂಡು ಇರುತ್ತದೆ. ಅದರೊಳಗೆ ಒಂದು ಬಿಳಿ ಮುಖ ತೇಲಿ ಬರುತ್ತದೆ. ಕುತ್ತಿಗೆ ಇಲ್ಲ, ಕೈ ಇಲ್ಲ. ಸಾಲದ್ದಕ್ಕೆ ಆ ಕತ್ತಲೆಯಲ್ಲಿ ನಮ್ಮ ಹಾಲ್ ಬೇರೆ ಕಾಣುತ್ತಿತ್ತು. ಟೀವಿಯ ಗಾಜಿನಲ್ಲಿ ನಾನು, ಅಮ್ಮ, ಅವರೆಕಾಳಿನ ಪಾತ್ರೆ. ಕಿನ್ಸ್ಕಿ ಪಾತ್ರೆಯ ಮೇಲಿಂದ ದಾಟಿ ಹೋದ.

ಅಮ್ಮನ ಕೈ ನಿಂತಿತು. ‘ಅವನ ಪಾದ ನೋಡು. ಹಿಂದಕ್ಕೆ ತಿರುಗಿದ್ಯಾ?’

ನೋಡಿದೆ. ಸೊಂಟದಿಂದ ಕೆಳಗೆ ಬರೀ ಅಂಬಲಿ. ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದೆ. ಬ್ರೈಟ್‌ನೆಸ್ ಏರಿಸಿದೆ. ಅಂಬಲಿ ಬಿಳಿಯಾಯಿತು, ಪಾದ ಬರಲಿಲ್ಲ. ಕೊನೆಗೆ ಅಕೊಂಬಾರ್ ಉರಿಯುವ ಮನೆಯಲ್ಲಿ ಕನ್ನಡಿಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಯಾವುದು ಹ್ಯಾಮಿಲ್ಟನ್, ಯಾವುದು ಬಿಂಬ ಗೊತ್ತಾಗುವುದಿಲ್ಲ. ನಮಗಂತೂ ಎರಡೂ ಗೊತ್ತಾಗಲಿಲ್ಲ. ಅಮ್ಮ ಆ ರಾತ್ರಿ ಅಡುಗೆ ಮನೆಯ ಲೈಟ್ ಆರಿಸಲಿಲ್ಲ.

2021ರಲ್ಲಿ ಆರೋ ವಿಡಿಯೋ ಎಂಬ ಕಂಪನಿ ಇದನ್ನು ಇನ್ನೂ ಮೂರು ಸೇಡಿನ ಸಿನಿಮಾಗಳ ಜೊತೆ ಸೇರಿಸಿ ಬ್ಲೂ-ರೇ ಪೆಟ್ಟಿಗೆ ಮಾಡಿತು. ಅಮೆರಿಕದಿಂದ ಬಂದ ತಂಗಿಯ ಮಗ ಆ ಪೆಟ್ಟಿಗೆ ತಂದುಕೊಟ್ಟ. ಈಗ ಚಿತ್ರ ಪೂರ್ತಿ ಅಗಲ. ಕೊಂದವನೂ ಇದ್ದಾನೆ, ಸತ್ತವನೂ ಇದ್ದಾನೆ. ಕಪ್ಪು ಅಂದರೆ ಕಪ್ಪು. ಗಾಳಿಗೆ ಏಳುವ ಧೂಳಿನ ಬಣ್ಣ ಕಾಣುತ್ತದೆ. ಕಿನ್ಸ್ಕಿಗೆ ಕುತ್ತಿಗೆ ಬಂದಿದೆ, ಕೈ ಬಂದಿದೆ. ಸಿನಿಮಾ ನಾನಂದುಕೊಂಡಿದ್ದಕ್ಕಿಂತ ಎಷ್ಟೋ ಚೆನ್ನಾಗಿದೆ. ಹೆದರಿಕೆ ಮಾತ್ರ ಅರ್ಧಕ್ಕಿಳಿದಿದೆ. ಈ ಮಾತನ್ನು ತಂಗಿಯ ಮಗನಿಗೆ ಹೇಳಿಲ್ಲ, ಪಾಪ, ಅಷ್ಟು ಡಾಲರ್ ಕೊಟ್ಟಿದ್ದಾನೆ.

ಪಾದ ಕಂಡಾಗ ನಿಲ್ಲಿಸಿ ಅಮ್ಮನನ್ನು ಕರೆದೆ. ಕನ್ನಡಕ ಹಾಕಿಕೊಂಡು ಬಂದರು. ಬಗ್ಗಿ ಪರದೆಯ ಹತ್ತಿರ ಹೋಗಿ ನೋಡಿದರು.

‘ನೋಡಮ್ಮ, ನೆಟ್ಟಗೆ ಮುಂದಕ್ಕೇ ಇದೆ. ಮನುಷ್ಯನೇ.’

‘ಬೂಟ್ಸ್ ಮುಂದಕ್ಕಿದೆ’ ಅಂದರು ಅಮ್ಮ. ‘ಒಳಗೆ ಹೇಗಿದ್ಯೋ ಯಾರಿಗೆ ಗೊತ್ತು?’