ಸೋಮವಾರದ ಮ್ಯಾಟ್ನಿಯ ಲೆಕ್ಕ

ನಿನ್ನೆ ರಾತ್ರಿ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಅವಳ ಮಗ ಮೊಬೈಲನ್ನು ನನ್ನ ಮುಂದೆ ಹಿಡಿದು, "ಮಾಮ, ನೀವೂ ಒಂದು ಸಂಖ್ಯೆ ಹೇಳಿ, ಬರೆದುಕೊಳ್ಳುತ್ತೇನೆ" ಎಂದ. ಅವನ ಆಫೀಸಿನ ಹದಿನಾಲ್ಕು ಜನ ತಲೆಗೆ ಐನೂರು ರೂಪಾಯಿ ಹಾಕಿ, 2026ರ ಡಿಸೆಂಬರ್ 18ರಂದು ತೆರೆಗೆ ಬರಲಿರುವ ಮಾರ್ವೆಲ್ ಸಂಸ್ಥೆಯ ಸೂಪರ್‌ಹೀರೋ ಸಿನಿಮಾ ‘ಅವೆಂಜರ್ಸ್: ಡೂಮ್ಸ್‌ಡೇ’ ಜಗತ್ತಿನಾದ್ಯಂತ ಎಷ್ಟು ಗಳಿಸುತ್ತದೆ ಎಂದು ಪಂದ್ಯ ಕಟ್ಟಿದ್ದಾರೆ. ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಹದಿನಾಲ್ಕರಲ್ಲಿ ಹನ್ನೊಂದು ಮಂದಿ 280 ಕೋಟಿ ಡಾಲರಿಗಿಂತ ಮೇಲಿನ ಸಂಖ್ಯೆಯನ್ನೇ ಬರೆದಿದ್ದರು. ಒಬ್ಬನಂತೂ 400 ಕೋಟಿಗೆ ಹೋಗಿದ್ದ. ಯಾವ ಆಧಾರದ ಮೇಲೆ ಎಂದು ಕೇಳಿದರೆ ಅಳಿಯ, ಇದೇ ಅವೆಂಜರ್ಸ್ ಸರಣಿಯ ಹಿಂದಿನ ಸಿನಿಮಾ ‘ಎಂಡ್‌ಗೇಮ್’ ನೆನೆದು, ಹೇಳಿದ್ದು ಒಂದೇ ಮಾತು: "ಎಂಡ್‌ಗೇಮ್ ಅಷ್ಟು ಮಾಡಿದೆಯಲ್ಲ ಮಾಮ, ಇದು ಅದಕ್ಕಿಂತ ದೊಡ್ಡ ಸಿನಿಮಾ."

ಈ ಒಂದು ಮಾತು ನನಗೆ ರಾತ್ರಿಯಿಡೀ ಕಿರಿಕಿರಿ ಮಾಡಿತು. ಹುಡುಗನ ಮೇಲೆ ಸಿಟ್ಟಿಲ್ಲ, ಅವನು ಚಿನ್ನದಂಥವನು. ಆದರೆ ಒಂದು ಸಿನಿಮಾ ಎಷ್ಟು ದುಡಿಯುತ್ತದೆ ಎಂದು ಅಂದಾಜು ಮಾಡುವುದು ಜೈಕಾರ ಕೂಗುವ ಕೆಲಸವಲ್ಲ ಎಂಬುದನ್ನು ನಾನು ಬಾಲ್ಯದಲ್ಲೇ ಕಣ್ಣಾರೆ ಕಂಡವನು. ಅಪ್ಪ ಶಿವಮೊಗ್ಗದ ಚಿತ್ರಮಂದಿರವೊಂದರ ಬುಕಿಂಗ್ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತವರು ಎಂಬುದು ಇಲ್ಲಿರುವ ಹಳೆಯ ಸ್ನೇಹಿತರಿಗೆಲ್ಲ ಗೊತ್ತೇ ಇದೆ. ರಾತ್ರಿ ಎರಡನೇ ಆಟದ ಇಂಟರ್‌ವಲ್ ಆದಮೇಲೆ ಅವರು ಕಾರ್ಬನ್ ಹಾಳೆ ಇಟ್ಟು ಡಿ.ಸಿ.ಆರ್., ಅಂದರೆ ದಿನದ ಗಳಿಕೆಯ ಲೆಕ್ಕಪತ್ರ, ಬರೆಯುತ್ತಿದ್ದರು. ಗಾಂಧಿ ಕ್ಲಾಸಿಗೆ ಒಂದು ಸಾಲು, ಸೆಕೆಂಡ್ ಕ್ಲಾಸಿಗೆ ಒಂದು, ಬಾಲ್ಕನಿಗೆ ಒಂದು. ಪ್ರತಿ ಸಾಲಿನಲ್ಲೂ ಆಟಕ್ಕೆ ಮುಂಚಿನ ಟಿಕೆಟ್ ನಂಬರು, ಆಟದ ನಂತರದ ನಂಬರು, ಕಳೆದರೆ ಉಳಿದ ಸಂಖ್ಯೆ, ತೆರಿಗೆ ಹೋಗಿ ನೆಟ್. ಶುಕ್ರವಾರ ಹೌಸ್‌ಫುಲ್ ಬೋರ್ಡ್ ಬಿದ್ದು, ಗೇಟಿನ ಹೊರಗೆ ಬ್ಲಾಕಿನಲ್ಲಿ ಟಿಕೆಟ್ ಮಾರಾಟವಾದ ದಿನವೂ ಅಪ್ಪನ ಮುಖದಲ್ಲಿ ವಿಶೇಷ ಸಂತೋಷವೇನೂ ಇರುತ್ತಿರಲಿಲ್ಲ. ಸೋಮವಾರದ ಮ್ಯಾಟ್ನಿಯ ಸಾಲು ಬಂದಾಗ ಮಾತ್ರ ಕೆಂಪು ಪೆನ್ನು ತೆಗೆದು ಅದರ ಕೆಳಗೆ ಗೆರೆ ಎಳೆಯುತ್ತಿದ್ದರು. ಶುಕ್ರವಾರ ಬರುವವರು ಹೀರೋನನ್ನು ನೋಡಲು ಬರುತ್ತಾರೆ, ಸೋಮವಾರ ಮ್ಯಾಟ್ನಿಗೆ ಬರುವವರು ಯಾರೋ ಹೇಳಿದ ಮಾತು ಕೇಳಿ ಬರುತ್ತಾರೆ ಎಂಬುದು ಅವರ ಲೆಕ್ಕ. ಹಾಲಿವುಡ್ ಆದರೂ ಈ ಲೆಕ್ಕ ಬದಲಾಗುವುದಿಲ್ಲ.

ಎಂಡ್‌ಗೇಮ್ ಅಷ್ಟು ಮಾಡಿದ್ದು ನಿಜ. 2019ರ ಏಪ್ರಿಲ್‌ನಲ್ಲಿ ಬಿಡುಗಡೆಯಾಗಿ ಒಟ್ಟು ಸುಮಾರು 280 ಕೋಟಿ ಡಾಲರ್ ಗಳಿಸಿತು; ಅಮೆರಿಕ ಮತ್ತು ಕೆನಡಾದಲ್ಲಿ ಮೊದಲ ವಾರಾಂತ್ಯಕ್ಕೇ 35.7 ಕೋಟಿ ಡಾಲರ್ ಬಂತು. ನಮ್ಮ ದೇಶದಲ್ಲಿ ಮೊದಲ ದಿನದ ನೆಟ್ಟೇ 53 ಕೋಟಿ ರೂಪಾಯಿ. ಆದರೆ ಆ ದುಡ್ಡು ಆ ಒಂದು ಸಿನಿಮಾ ದುಡಿದದ್ದಲ್ಲ. 2008ರ ‘ಐರನ್ ಮ್ಯಾನ್’ನಿಂದ ಹಿಡಿದು ಹನ್ನೊಂದು ವರ್ಷ, ಇಪ್ಪತ್ತೊಂದು ಸಿನಿಮಾಗಳು ಒಂದರ ಮೇಲೊಂದು ಕೂಡಿಟ್ಟ ಗಂಟನ್ನು ಇಪ್ಪತ್ತೆರಡನೆಯದು ಬಿಚ್ಚಿತು. ಥಾನೋಸ್ ಎಂಬ ಖಳನ ಮುಖವನ್ನು 2012ರಲ್ಲಿ ಒಂದು ಕ್ಷಣ ತೋರಿಸಿ, ಆರು ವರ್ಷ ಕಾಯಿಸಿ, 2018ರ ‘ಇನ್ಫಿನಿಟಿ ವಾರ್’ನಲ್ಲಿ ಅವನ ಕೈಗೆ ಗೆಲುವು ಕೊಟ್ಟು, ಅರ್ಧ ನಾಯಕರನ್ನು ಬೂದಿ ಮಾಡಿ, ಪ್ರೇಕ್ಷಕನನ್ನು ಒಂದು ವರ್ಷ ಹಾಗೆಯೇ ಬಿಟ್ಟರು. ಆ ಒಂದು ವರ್ಷ ಜಗತ್ತಿನಾದ್ಯಂತ ಜನ ಮುಂದೇನು ಎಂದು ಮಾತಾಡಿಕೊಂಡರಲ್ಲ, ಟಿಕೆಟ್ ಮಾರಿದ್ದು ಆ ಮಾತು.

ಡೂಮ್ಸ್‌ಡೇಗೆ ಅಂಥ ಕಾಯುವಿಕೆ ಎಲ್ಲಿದೆ? ಈ ಸಲದ ಸಿನಿಮಾಗಳಿಗೆಂದು ಮೊದಲು ಯೋಜಿಸಿದ್ದ ಖಳ ಕ್ಯಾಂಗ್. ಆ ಪಾತ್ರದ ನಟ ಅಪರಾಧ ಪ್ರಕರಣದಲ್ಲಿ ದೋಷಿ ಎಂದಾದ ಮೇಲೆ ಅವನನ್ನು ಕೈಬಿಟ್ಟರು. 2024ರ ಜುಲೈಯಲ್ಲಿ, ಸಿನಿಮಾದ ಹೆಸರನ್ನೇ ಬದಲಿಸಿ, ಐರನ್ ಮ್ಯಾನ್ ಆಗಿದ್ದ ರಾಬರ್ಟ್ ಡೌನಿ ಜೂನಿಯರ್ ಅವರನ್ನೇ ಡಾಕ್ಟರ್ ಡೂಮ್ ಎಂಬ ಖಳನಾಗಿ ವೇದಿಕೆಯ ಮೇಲೆ ತಂದು ನಿಲ್ಲಿಸಿದರು. ಆ ಕ್ಷಣ ನಾನೂ ರೋಮಾಂಚನಗೊಂಡೆ, ಸುಳ್ಳು ಹೇಳುವುದಿಲ್ಲ. ಆದರೆ ಡೂಮ್ ತೆರೆಯ ಮೇಲೆ ಕಾಣಿಸಿಕೊಂಡದ್ದು 2025ರ ‘ಫೆಂಟಾಸ್ಟಿಕ್ ಫೋರ್’ ಸಿನಿಮಾದ ಕೊನೆಯ ತುಣುಕಿನಲ್ಲಿ, ಅದೂ ಮುಖ ತೋರಿಸದೆ. ಆರು ವರ್ಷ ಬೆಳೆಸಿದ ಖಳನಿಗೂ ಅವಸರದಲ್ಲಿ ತಂದು ಕೂರಿಸಿದ ಖಳನಿಗೂ ಪ್ರೇಕ್ಷಕ ಒಂದೇ ದರ ಕೊಡುತ್ತಾನೆ ಎಂದು ನಂಬುವುದು ಪ್ರೇಕ್ಷಕನಿಗೆ ಮಾಡುವ ಅವಮಾನ.

ಇನ್ನು ಆ ಹಳೆಯ ಗಂಟಿನ ಗತಿ ಏನಾಯಿತು ನೋಡಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತೇವಲ್ಲ, 2021ರಿಂದ ಈಚೆಗೆ ಮಾರ್ವೆಲ್ ಮಾಡಿದ್ದು ಅದನ್ನೇ. ವರ್ಷಕ್ಕೆ ಮೂರು ಸಿನಿಮಾ ಸಾಲದೆಂದು ಮನೆಯ ಟಿ.ವಿ.ಗೆ ಸರಣಿಯ ಮೇಲೆ ಸರಣಿ ಬಿಟ್ಟರು. ಒಂದನ್ನು ನೋಡದಿದ್ದರೆ ಇನ್ನೊಂದು ಅರ್ಥವಾಗದ ಸ್ಥಿತಿ ತಂದರು. ದಿನವಿಡೀ ದುಡಿದು ಬಂದು ವಾರಕ್ಕೊಂದು ಸಿನಿಮಾ ನೋಡುವವನಿಗೆ ಇದು ಪರೀಕ್ಷೆಗೆ ಓದಿಕೊಂಡು ಹೋದಂತಾಯಿತು. 2023ರ ‘ದಿ ಮಾರ್ವೆಲ್ಸ್’ ಜಗತ್ತಿನಾದ್ಯಂತ 21 ಕೋಟಿ ಡಾಲರನ್ನೂ ಮುಟ್ಟಲಿಲ್ಲ. 2025ರಲ್ಲಿ ಕ್ಯಾಪ್ಟನ್ ಅಮೆರಿಕ ಸುಮಾರು 41 ಕೋಟಿ, ‘ಥಂಡರ್‌ಬೋಲ್ಟ್ಸ್’ ಸುಮಾರು 38 ಕೋಟಿ, ‘ಫೆಂಟಾಸ್ಟಿಕ್ ಫೋರ್’ ಸುಮಾರು 52 ಕೋಟಿ. ಎದುರಾಳಿ ಸಂಸ್ಥೆಯ ‘ಸೂಪರ್‌ಮ್ಯಾನ್’ ಜನ ಮೆಚ್ಚಿದ ಸಿನಿಮಾ. ಅದೂ 62 ಕೋಟಿಯ ಆಸುಪಾಸಿನಲ್ಲಿ ನಿಂತಿತು. ಇಡೀ ವರ್ಷದಲ್ಲಿ ಒಂದೇ ಒಂದು ಸೂಪರ್‌ಹೀರೋ ಸಿನಿಮಾ 70 ಕೋಟಿ ಡಾಲರ್ ದಾಟಲಿಲ್ಲ. ಇದರಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ‘ಫೆಂಟಾಸ್ಟಿಕ್ ಫೋರ್’. ವಿಮರ್ಶೆ ಚೆನ್ನಾಗಿತ್ತು, ಅಮೆರಿಕದಲ್ಲಿ ಮೊದಲ ವಾರಾಂತ್ಯ ಸುಮಾರು 11.8 ಕೋಟಿ ಡಾಲರ್ ಬಂತು, ಎರಡನೇ ವಾರಾಂತ್ಯಕ್ಕೆ ಅದರ ಮೂರನೇ ಒಂದು ಭಾಗಕ್ಕೆ ಇಳಿಯಿತು. ಅಪ್ಪನ ಭಾಷೆಯಲ್ಲಿ ಹೇಳುವುದಾದರೆ ಶುಕ್ರವಾರ ಬಂತು, ಸೋಮವಾರ ಬರಲಿಲ್ಲ.

"ಎಂಡ್‌ಗೇಮ್ ಅಷ್ಟು ಮಾಡಿದೆಯಲ್ಲ" ಎನ್ನುವವರು ಅದರಲ್ಲಿ ಚೀನಾದ ಪಾಲೆಷ್ಟು ಎಂದು ಒಮ್ಮೆಯಾದರೂ ನೋಡಿದ್ದಾರೆಯೇ? ಆ ಒಂದೇ ದೇಶದಿಂದ 60 ಕೋಟಿ ಡಾಲರಿಗೂ ಮೇಲೆ ಬಂದಿತ್ತು. ಅದೇ ಚೀನಾ 2019ರ ಮಧ್ಯದಿಂದ 2023ರ ಆರಂಭದವರೆಗೆ ಮಾರ್ವೆಲ್ ಸಿನಿಮಾಗಳಿಗೆ ಬಾಗಿಲು ಮುಚ್ಚಿತ್ತು. ಬಾಗಿಲು ತೆರೆದ ಮೇಲೂ ಜನ ಹಳೆಯ ಹಾಗೆ ಒಳಗೆ ಬರಲಿಲ್ಲ; 2024ರಲ್ಲಿ ಜಗತ್ತಿನಾದ್ಯಂತ 133 ಕೋಟಿ ಡಾಲರ್ ಬಾಚಿದ ‘ಡೆಡ್‌ಪೂಲ್ ಅಂಡ್ ವುಲ್ವರಿನ್’ಗೆ ಚೀನಾದಲ್ಲಿ ಸಿಕ್ಕಿದ್ದು ಸುಮಾರು 6 ಕೋಟಿ. 2025ರ ಏಪ್ರಿಲ್‌ನಲ್ಲಿ ಸುಂಕದ ಜಗಳದ ನಡುವೆ ಅಮೆರಿಕದ ಸಿನಿಮಾಗಳ ಆಮದನ್ನು ಕಡಿಮೆ ಮಾಡುವುದಾಗಿ ಅಲ್ಲಿನ ಸರ್ಕಾರವೇ ಹೇಳಿತು. ಅದೇ ವರ್ಷ ಅವರದೇ ‘ನೆಝಾ 2’ ಎಂಬ ಅನಿಮೇಷನ್ ಸಿನಿಮಾ ಬಹುಪಾಲು ಚೀನಾ ಒಂದರಿಂದಲೇ 200 ಕೋಟಿ ಡಾಲರ್ ದಾಟಿತು. ತಮ್ಮ ಮನೆಯ ಕಥೆಗೆ ಅಷ್ಟು ಕೊಡುವ ಜನ ಪಕ್ಕದ ಮನೆಯ ಹಳೆಯ ಕಥೆಗೆ ಮತ್ತೆ 60 ಕೋಟಿ ಕೊಡುತ್ತಾರೆ ಎಂದು ಯಾರು ನಂಬಬೇಕು? ಎಂಡ್‌ಗೇಮ್ ಮಾಡಿದ್ದರಿಂದ ಚೀನಾದ ಆ ಪಾಲನ್ನು ಕಳೆಯಿರಿ, ಉಳಿಯುವುದು ಸುಮಾರು 217 ಕೋಟಿ. ಲೆಕ್ಕವನ್ನು ಶುರುಮಾಡಬೇಕಾದದ್ದು ಅಲ್ಲಿಂದ, ಅದೂ ಕೆಳಮುಖವಾಗಿ. ಏಕೆಂದರೆ 2019ರಲ್ಲಿ ಅಮೆರಿಕ ಮತ್ತು ಕೆನಡಾದ ಚಿತ್ರಮಂದಿರಗಳ ಇಡೀ ವರ್ಷದ ಗಳಿಕೆ 1,100 ಕೋಟಿ ಡಾಲರ್ ದಾಟಿತ್ತು. 2024ರಲ್ಲಿ ಟಿಕೆಟ್ ದರ ಏರಿದ ಮೇಲೂ ಅದು 900 ಕೋಟಿಗಿಂತ ಕಡಿಮೆ. ಕೆರೆಯ ನೀರೇ ಇಳಿದಿರುವಾಗ ಹಳೆಯ ಬಲೆಯನ್ನೇ ಬೀಸಿ ಹಳೆಯಷ್ಟೇ ಮೀನು ಬೇಕೆಂದರೆ ಹೇಗೆ?

ಅಳಿಯ ಇಷ್ಟಕ್ಕೆ ಸುಮ್ಮನಾಗಲಿಲ್ಲ. "ನೋ ವೇ ಹೋಮ್ ಏನು ಮಾಡಿತು ಹೇಳಿ ಮಾಮ" ಎಂದ. ನ್ಯಾಯವಾದ ಪ್ರಶ್ನೆ. 2021ರ ಡಿಸೆಂಬರಿನಲ್ಲಿ, ಕೋವಿಡ್ ಭಯ ಇನ್ನೂ ಹೋಗಿರದ ಕಾಲದಲ್ಲಿ, ಚೀನಾದಲ್ಲಿ ಬಿಡುಗಡೆಯೇ ಇಲ್ಲದೆ, ಹಳೆಯ ಇಬ್ಬರು ಸ್ಪೈಡರ್‌ಮ್ಯಾನ್‌ಗಳನ್ನು ಕರೆತಂದ ಆ ಸಿನಿಮಾ 190 ಕೋಟಿ ಡಾಲರ್ ದಾಟಿತು. ಡೂಮ್ಸ್‌ಡೇಯಲ್ಲೂ ಹಳಬರಿದ್ದಾರೆ, 2025ರ ಮಾರ್ಚಿನಲ್ಲಿ ನಟರ ಪಟ್ಟಿ ಪ್ರಕಟಿಸಲು ಮಾರ್ವೆಲ್ ನೇರಪ್ರಸಾರದಲ್ಲಿ ಐದು ಗಂಟೆಗೂ ಹೆಚ್ಚು ಕಾಲ ಒಂದೊಂದೇ ಕುರ್ಚಿಯ ಬೆನ್ನಿನ ಮೇಲಿನ ಹೆಸರು ತೋರಿಸುತ್ತಾ ಹೋದಾಗ ಇಪ್ಪತ್ತೇಳು ಹೆಸರುಗಳಲ್ಲಿ ಹಳೆಯ ಎಕ್ಸ್‌ಮೆನ್ ತಂಡದ ಪ್ಯಾಟ್ರಿಕ್ ಸ್ಟೀವರ್ಟ್, ಇಯಾನ್ ಮೆಕೆಲನ್ ಅವರ ಹೆಸರುಗಳೂ ಇದ್ದವು. ಆದರೆ ಹಳೆಯ ಮುಖ ಬಂದ ಮಾತ್ರಕ್ಕೆ ದುಡ್ಡು ಬರುವುದಾದರೆ, ಮೈಕೆಲ್ ಕೀಟನ್ ಮತ್ತೆ ಬ್ಯಾಟ್‌ಮ್ಯಾನ್ ಆಗಿ ಬಂದ 2023ರ ‘ದಿ ಫ್ಲ್ಯಾಶ್’ 27 ಕೋಟಿ ಡಾಲರಿಗೆ ಏಕೆ ಮಲಗಿತು? ನೆನಪು ಮೊದಲ ಟಿಕೆಟ್ ಕೊಡಿಸಬಲ್ಲದು, ಎರಡನೇ ಟಿಕೆಟ್ ಕೊಡಿಸುವುದು ಕಥೆಯೇ. ‘ನೋ ವೇ ಹೋಮ್’ ಅಮೆರಿಕದಲ್ಲಿ 26 ಕೋಟಿಗೆ ತೆರೆದು 80 ಕೋಟಿ ದಾಟಿತು, ಅಂದರೆ ಮೊದಲ ವಾರಾಂತ್ಯದ ಮೂರು ಪಟ್ಟು. ಜನ ಹೊರಗೆ ಬಂದು ಮನೆಯವರಿಗೆ, ಗೆಳೆಯರಿಗೆ ಹೇಳಿದ್ದರಿಂದ ಅದು ಆಯಿತು. 2022ರಲ್ಲಿ ಅದಕ್ಕಿಂತ ಕಡಿಮೆ, 18.7 ಕೋಟಿಗೆ ತೆರೆದ ‘ಡಾಕ್ಟರ್ ಸ್ಟ್ರೇಂಜ್’ 41 ಕೋಟಿಗೆ ನಿಂತಿತು. ಎರಡು ಪಟ್ಟಿಗಿಂತ ಸ್ವಲ್ಪ ಮೇಲೆ, ಅಷ್ಟೇ.

ಡಿಸೆಂಬರ್ ಒಳ್ಳೆಯ ತಿಂಗಳು ಎಂಬ ಮಾತನ್ನು ಮಾತ್ರ ನಾನು ಒಪ್ಪುತ್ತೇನೆ. ಕ್ರಿಸ್‌ಮಸ್ ರಜೆಯಲ್ಲಿ ಅಮೆರಿಕದ ಸೋಮವಾರವೂ ಭಾನುವಾರದಂತಿರುತ್ತದೆ. 2009ರ ಡಿಸೆಂಬರ್ 18ರಂದೇ ಬಂದ ‘ಅವತಾರ್’ ಅಲ್ಲಿ ಮೊದಲ ವಾರಾಂತ್ಯದಲ್ಲಿ ಗಳಿಸಿದ್ದರ ಹತ್ತಿರ ಹತ್ತಿರ ಹತ್ತು ಪಟ್ಟು ದುಡಿಯಿತು. ಆದರೆ ಈ ಸಲ ಅದೇ ದಿನಕ್ಕೆ ‘ಡ್ಯೂನ್’ನ ಮೂರನೇ ಭಾಗವೂ ಇದೆ, ದೊಡ್ಡ ಐಮ್ಯಾಕ್ಸ್ ಪರದೆಗಳನ್ನು ಮೊದಲೇ ಹಿಡಿದಿಟ್ಟುಕೊಂಡಿರುವುದು ಅದು. ಹೆಚ್ಚು ದರದ ಸೀಟುಗಳು ಮೊದಲ ವಾರಗಳಲ್ಲೇ ಕೈತಪ್ಪಿದರೆ ಆರಂಭಿಕ ದಾಖಲೆಯ ಮಾತು ಅಲ್ಲಿಗೇ ಮುಗಿಯುತ್ತದೆ.

ಇವತ್ತು ಬೆಳಿಗ್ಗೆ ಮನಸ್ಸು ತಡೆಯದೆ ಅಪ್ಪನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಎಂಬತ್ತೊಂದು ವರ್ಷದ ಅವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಕನ್ನಡದಲ್ಲಿ ಬರ್ತದೇನೋ?" ನನಗೆ ಗಂಟಲು ಕಟ್ಟಿತು. 2019ರಲ್ಲಿ ಮೊಣಕಾಲು ನೋವಿನ ಅವರನ್ನು ಕೈಹಿಡಿದು ಎಂಡ್‌ಗೇಮ್‌ಗೆ ಕರೆದುಕೊಂಡು ಹೋದವನು ನಾನೇ. ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಅದು ಬಿಡುಗಡೆಯಾಗಿತ್ತು, ಕನ್ನಡದಲ್ಲಿ ಇರಲಿಲ್ಲ. ಮೂರು ಗಂಟೆಯ ಸಿನಿಮಾವನ್ನು ಅವರು ಪೂರ್ತಿ ಕೂತು ನೋಡಿದರು, ಹೊರಗೆ ಬಂದು ಸೀಟುಗಳೆಷ್ಟಿದ್ದವು ಎಂದು ಹೇಳಿದರು, ಕಥೆಯ ಬಗ್ಗೆ ಏನೂ ಹೇಳಲಿಲ್ಲ. ಆಗ ನಾನು ಅದನ್ನು ವಯಸ್ಸಿನ ಆಯಾಸ ಎಂದುಕೊಂಡಿದ್ದೆ. ಭಾಷೆ ತಿಳಿಯದೆ ಸುಮ್ಮನಿದ್ದರು ಎಂಬುದು ಈ ಬೆಳಿಗ್ಗೆ ಹೊಳೆಯಿತು.

ಡಬ್ಬಿಂಗಿಗೆ ಅಡ್ಡಿ ಮಾಡುವುದು ತಪ್ಪೆಂದು ಸ್ಪರ್ಧಾ ಆಯೋಗ 2015ರಲ್ಲೇ ಹೇಳಿ ಆಗಿದೆ. 2022ರಲ್ಲಿ ‘ಅವತಾರ್’ನ ಎರಡನೇ ಭಾಗ ಕನ್ನಡದಲ್ಲೂ ಬಂತು, 2023ರಲ್ಲಿ ಅನಿಮೇಷನ್ ಸ್ಪೈಡರ್‌ಮ್ಯಾನ್ ಇಂಗ್ಲಿಷ್ ಸೇರಿ ಹತ್ತು ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಇತ್ತು. ಹಾಗೆ ಬಂದ ಕನ್ನಡ ಆವೃತ್ತಿಗೆ ಊರಿಗೆ ಎಷ್ಟು ಆಟ, ಯಾವ ಹೊತ್ತಿನ ಆಟ ಎಂದು ಕೇಳಿ ನೋಡಿ, ಆಗ ನಮ್ಮ ರಾಜ್ಯದ ಲೆಕ್ಕ ತಿಳಿಯುತ್ತದೆ. ಡೂಮ್ಸ್‌ಡೇಯ ಜಾಗತಿಕ ಗಳಿಕೆಯಲ್ಲಿ ಶಿವಮೊಗ್ಗದ ಮ್ಯಾಟ್ನಿ ಒಂದು ಹನಿಯೂ ಅಲ್ಲ ಎಂದು ನನಗೆ ಗೊತ್ತು. ಆದರೆ ಮೆಕ್ಸಿಕೊ, ಬ್ರೆಜಿಲ್, ಇಂಡೊನೇಷ್ಯಾ, ಭಾರತದ ಸಣ್ಣ ಊರುಗಳ ಇಂಥ ಹನಿಗಳು ಸೇರಿಯೇ ಚೀನಾ ಬಿಟ್ಟುಹೋದ ಹಳ್ಳ ತುಂಬಬೇಕು, ಬೇರೆ ನೀರಿಲ್ಲ.

ನನ್ನ ಸಂಖ್ಯೆ ಹೇಳಿಬಿಡುತ್ತೇನೆ. ಅಮೆರಿಕ ಮತ್ತು ಕೆನಡಾದಲ್ಲಿ ಮೊದಲ ವಾರಾಂತ್ಯ 20ರಿಂದ 24 ಕೋಟಿ ಡಾಲರ್, ರಜೆಯ ಬಲದಿಂದ ಒಟ್ಟು 60ರಿಂದ 70 ಕೋಟಿ. ಹೊರದೇಶಗಳಿಂದ 90ರಿಂದ 100 ಕೋಟಿ. ಅಳಿಯನ ಪಟ್ಟಿಯಲ್ಲಿ 160 ಎಂದು ಬರೆಸಿ ಐನೂರು ರೂಪಾಯಿ ಕೊಟ್ಟಿದ್ದೇನೆ. ಅಲ್ಲಿರುವ ಹದಿನೈದು ಸಂಖ್ಯೆಗಳಲ್ಲಿ ಅತಿ ಕಡಿಮೆ ನನ್ನದೇ. "ಇಷ್ಟು ಕಡಿಮೆಯಾ ಮಾಮ, ಇದು ಸೋತಂತೆ ಅಲ್ಲವೇ" ಎಂದು ಅವನು ಬೇಸರದಿಂದ ಕೇಳಿದ. 160 ಕೋಟಿ ಡಾಲರ್ ಗಳಿಸುವ ಸಿನಿಮಾವನ್ನು ಸೋತಿತು ಎಂದು ಕರೆಯುವಂಥ ಮನಸ್ಥಿತಿಯನ್ನು ಈ ಹುಡುಗರಲ್ಲಿ ತುಂಬಿದ್ದು ಆ ಒಂದೇ ಮಾತು, ಎಂಡ್‌ಗೇಮ್ ಅಷ್ಟು ಮಾಡಿದೆಯಲ್ಲ ಎಂಬುದು. ಸಿನಿಮಾ ಚೆನ್ನಾಗಿದ್ದು 160 ಮಾಡಿದರೂ ಇವರೆಲ್ಲ ತಲೆ ತಗ್ಗಿಸಿಕೊಂಡು ಹೊರಬರುತ್ತಾರಲ್ಲ ಎಂಬುದೇ ನನಗೆ ನಿಜವಾದ ಸಂಕಟ.

ಮೊದಲ ವಾರಾಂತ್ಯದ ಸುದ್ದಿ ಬಂದಾಗ ನನಗೆ ಯಾರೂ ಫೋನ್ ಮಾಡಬೇಡಿ. ಕ್ರಿಸ್‌ಮಸ್, ಹೊಸ ವರ್ಷ ಎರಡೂ ಕಳೆದು, ಶಾಲೆ, ಕಚೇರಿಗಳು ತೆರೆಯುವ ಹೊತ್ತಿಗೆ 2027ರ ಜನವರಿ 4 ಬರುತ್ತದೆ. ಅದು ಸೋಮವಾರ. ಆ ದಿನದ ಅಂಕಿ ಬಂದ ಕೂಡಲೇ ನಾನೇ ಅಳಿಯನಿಗೆ ಫೋನ್ ಮಾಡುತ್ತೇನೆ, ಆಮೇಲೆ ಅಪ್ಪನಿಗೆ.