ಹಳೇ ಟೈರ್ ಮೀನಿಗೆ ಮನೆ ಆಗುವುದಿಲ್ಲ: ಸ್ಪಷ್ಟನೆ

"ಹಳೇ ಟೈರ್ ಕಟ್ಟಿ ಸಮುದ್ರಕ್ಕೆ ಇಳಿಸಿದರೆ ಸಾಕು, ಹವಳ ಬೆಳೆದು ಮೀನು ತುಂಬುತ್ತದೆ, ಫ್ಲೋರಿಡಾದಲ್ಲಿ ಹಾಗೇ ಮಾಡಿದ್ದಾರೆ" ಎಂಬ ಸಂದೇಶ ಓಡಾಡುತ್ತಿದೆ. ದಯವಿಟ್ಟು ಹಂಚಬೇಡಿ. ಅಲ್ಲಿ ಆಗಿದ್ದು ಪೂರ್ತಿ ಉಲ್ಟಾ.

1970ರ ದಶಕದಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲ್ ಬಳಿಯ ಕಡಲಿಗೆ ಸುಮಾರು 20 ಲಕ್ಷ ಟೈರ್ ಇಳಿಸಿದ್ದು ನಿಜ. ಆಸ್ಬೋರ್ನ್ ರೀಫ್ (ರೀಫ್ ಅಂದರೆ ಬಂಡೆಸಾಲು) ಅಂತ ಅದರ ಹೆಸರು. ಆದರೆ ಕಂತೆ ಬಿಗಿದ ನೈಲಾನ್ ಪಟ್ಟಿಗಳು ಹರಿದವು, ಉಕ್ಕಿನ ಕ್ಲಿಪ್‌ಗಳು ಉಪ್ಪುನೀರಿಗೆ ತುಕ್ಕು ಹಿಡಿದು ಮುರಿದವು. ಬಿಡಿಯಾದ ಟೈರ್‌ಗಳು ಬಿರುಗಾಳಿ ಬಂದಾಗ ತಳದಲ್ಲಿ ಉರುಳಿ, ಪಕ್ಕದ ಜೀವಂತ ಹವಳವನ್ನೇ ಉಜ್ಜಿ ಹಾಕಿದವು. ಅಲುಗಾಡುವ ವಸ್ತುವಿನ ಮೇಲೆ ಹವಳ ಬೇರೂರುವುದಾದರೂ ಹೇಗೆ? 2007ರಲ್ಲಿ ಸೈನ್ಯದ ಮುಳುಗುಗಾರರು ಅವನ್ನು ಎತ್ತಲು ಶುರು ಮಾಡಿದರು. ಎಷ್ಟು ನೋವಿನ ಕೆಲಸ ಅಲ್ವಾ!

ಹಾಗಂತ ಕೃತಕ ಬಂಡೆಸಾಲು, ಅಂದರೆ ಮೀನು ಸೇರಲೆಂದು ಕಡಲ ತಳಕ್ಕೆ ಇಳಿಸುವ ರಚನೆ, ಎಂಬುದೇ ಸುಳ್ಳಲ್ಲ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ತ್ರಿಕೋನ, ಬಾವಿ ರಿಂಗ್ ಆಕಾರದ ಕಾಂಕ್ರೀಟ್ ರಚನೆಗಳನ್ನು ಬಳಸುತ್ತಾರೆ. ಅವುಗಳ ಭಾರ ಜಾಸ್ತಿ, ಸುಲಭಕ್ಕೆ ಕದಲುವುದಿಲ್ಲ. ಒರಟು ಮೈಗೆ ಪಾಚಿ, ಚಿಪ್ಪುಜೀವಿಗಳು ಅಂಟುತ್ತವೆ. ತೂತುಗಳಲ್ಲಿ ಮುರು ಮೀನು ಅಡಗುತ್ತದೆ.

ನಿಮ್ಮೂರಿನ ಕಡಲಿಗೆ ಏನಾದರೂ ಇಳಿಸುವ ಯೋಚನೆ ಇದ್ದರೆ, ಮೊದಲು ಮೀನುಗಾರಿಕೆ ಇಲಾಖೆಯನ್ನು ಕೇಳಿ.